ದಾವಣಗೆರೆ ಬಿಸಿಲಲ್ಲಿ ಮ್ಯಾಂಟಿಸ್ ಸೀಗಡಿ ಸಾಕುವುದು ಹೇಗೆ

ಮನೆಗೆ ಬಂದವರೆಲ್ಲ ನನ್ನ ಅಕ್ವೇರಿಯಂ ನೋಡಿ ಮೊದಲು ಕೇಳುವುದು ಒಂದೇ ಪ್ರಶ್ನೆ. "ಇದರಲ್ಲಿ ಮೀನೆಲ್ಲಿ?" ಮೀನಿಲ್ಲ. ಕಲ್ಲಿದೆ, ಮರಳಿದೆ, ಒಂದು ಪಿವಿಸಿ ಪೈಪಿನ ತುಂಡಿದೆ. ಎರಡು ನಿಮಿಷ ಸುಮ್ನೆ ಕೂತರೆ ಪೈಪಿನ ಬಾಯಲ್ಲಿ ಎರಡು ಕಣ್ಣು ಕಾಣುತ್ತವೆ. ಕಡ್ಡಿಯ ತುದಿಗೆ ಅಂಟಿಸಿದ ಹಾಗಿರುವ ಕಣ್ಣುಗಳು. ಒಂದು ನಿಮ್ಮನ್ನು ನೋಡುತ್ತಿದ್ದರೆ ಇನ್ನೊಂದು ಅಡಿಗೆಮನೆ ಕಡೆ ತಿರುಗಿರುತ್ತದೆ. ನನ್ನ ಅವ್ವ ಮೊದಲ ತಿಂಗಳು "ದಿನಾ ಉಪ್ಪು ನೀರು ಕಲಿಸ್ಕೊಂತ ಕುಂತಿರ್ತಿಯಲ್ಲೋ" ಅಂತ ಬೈಯುತ್ತಿದ್ದಳು. ಈಗ ಸಂಜೆ ಟೀ ಕುಡಿಯುವುದು ಅದರ ಮುಂದೆ ಕೂತೇ.

ಸಮುದ್ರವನ್ನೇ ಕಾಣದ ಊರಲ್ಲಿ, ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಊರಲ್ಲಿ ಮ್ಯಾಂಟಿಸ್ ಸೀಗಡಿ ಅನ್ನುವ ಈ ಸಮುದ್ರದ ಪ್ರಾಣಿಯನ್ನು ಸಾಕಬಹುದಾ ಅಂತ ಕೇಳುವವರಿಗಾಗಿ ಈ ಬರಹ. ಸಾಕಬಹುದು. ಪ್ರಾಣಿ ಗಟ್ಟಿ. ಕಷ್ಟ ಇರುವುದು ನೀರಿನಲ್ಲಿ, ಬಿಸಿಲಿನಲ್ಲಿ, ಕರೆಂಟಿನಲ್ಲಿ. ಅದಕ್ಕೇ ನಾನು ಪ್ರಾಣಿಗಿಂತ ನೀರಿನ ಬಗ್ಗೆ ಜಾಸ್ತಿ ಬರೆಯುತ್ತೇನೆ, ಬೇಜಾರಾಗಬೇಡಿ.

ಯಾವುದನ್ನು ತರಬೇಕು

ಹೆಸರಲ್ಲಿ ಸೀಗಡಿ ಅಂತಿದ್ದರೂ ಇದು ಸೀಗಡಿಯಲ್ಲ, ಸೀಗಡಿ ಏಡಿಗಳ ದೂರದ ನೆಂಟ. ಮುಂಗಾಲನ್ನು ಎದೆಗೆ ಮಡಚಿಕೊಂಡು ಕೂರುವುದರಿಂದ ಮ್ಯಾಂಟಿಸ್ ಎಂಬ ಕೀಟದ ಹೆಸರು ಅಂಟಿಕೊಂಡಿದೆ. 400ಕ್ಕೂ ಹೆಚ್ಚು ಜಾತಿಗಳಿವೆ, ಆದರೆ ಸಾಕುವವರಿಗೆ ಬೇಕಾದ ಲೆಕ್ಕ ಎರಡೇ: ಗುದ್ದುವವು ಮತ್ತು ಚುಚ್ಚುವವು. ಗುದ್ದುವವಕ್ಕೆ ಮುಂಗಾಲಿನಲ್ಲಿ ಸುತ್ತಿಗೆಯಂಥ ಗಂಟಿದೆ, ಅದರಿಂದ ಶಂಖ, ಏಡಿಯ ಚಿಪ್ಪು ಒಡೆದು ತಿನ್ನುತ್ತವೆ. ಚುಚ್ಚುವವಕ್ಕೆ ಮುಳ್ಳು. ಅವು ಮರಳಿನಲ್ಲಿ ಹೂತುಕೊಂಡು ಮೀನಿಗೆ ಕಾಯುತ್ತವೆ. ಅವಕ್ಕೆ ಗೇಣುದ್ದದ ಮರಳು ಬೇಕು, ಹಗಲು ಮುಖವನ್ನೇ ತೋರಿಸುವುದಿಲ್ಲ. ಮಂಗಳೂರು, ಮಲ್ಪೆ ಕಡೆ ಟ್ರಾಲ್ ಬಲೆಗೆ ರಾಶಿ ರಾಶಿ ಬೀಳುವುದು ಈ ಚುಚ್ಚುವ ಜಾತಿಯೇ. "ಬಂದರಿಗೆ ಹೋಗಿ ಒಂದು ಎತ್ತಿಕೊಂಡು ಬರ್ತೀನಿ" ಅನ್ನುವ ಯೋಚನೆ ಬಿಟ್ಟುಬಿಡಿ. ಬಲೆಯಲ್ಲಿ ನುಜ್ಜಾಗಿ ಬಂದದ್ದು ಹರಿಹರ ದಾಟುವುದೂ ಕಷ್ಟ.

ಎಲ್ಲರೂ ಆಸೆಪಡುವುದು ನವಿಲು ಮ್ಯಾಂಟಿಸ್. ಹಸಿರು, ಕೆಂಪು, ನೀಲಿ, ಚೆಂದವೋ ಚೆಂದ. 18 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಅದರ ಗುದ್ದಿನ ವೇಗವನ್ನು 2004ರಲ್ಲಿ ಜೀವವಿಜ್ಞಾನಿ ಶೀಲಾ ಪಾಟೆಕ್ ಅವರ ತಂಡ ಹೈಸ್ಪೀಡ್ ಕ್ಯಾಮೆರಾದಲ್ಲಿ ಅಳೆದಾಗ ಸೆಕೆಂಡಿಗೆ 23 ಮೀಟರ್‌ವರೆಗೂ ಬಂದಿತ್ತು. ಗಂಟೆಗೆ 80 ಕಿಲೋಮೀಟರ್ ಆಯಿತಲ್ಲ, ಹೈವೇಯಲ್ಲಿ ಬಸ್ಸು ಓಡುವ ವೇಗ, ಅದೂ ನೀರಿನೊಳಗೆ! ಆ ರಭಸಕ್ಕೆ ನೀರಿನಲ್ಲಿ ಗುಳ್ಳೆ ಎದ್ದು, ಆ ಗುಳ್ಳೆ ಒಡೆಯುವಾಗ ಬೇಟೆಗೆ ಇನ್ನೊಂದು ಪೆಟ್ಟು ಬೀಳುತ್ತದೆ. 1998ರಲ್ಲಿ ಇಂಗ್ಲೆಂಡಿನ ಗ್ರೇಟ್ ಯಾರ್ಮತ್‌ನಲ್ಲಿ ಟೈಸನ್ ಅಂತ ಹೆಸರಿಟ್ಟಿದ್ದ ಒಂದು ನವಿಲು ಮ್ಯಾಂಟಿಸ್ ಅಕ್ವೇರಿಯಂ ಗಾಜನ್ನೇ ಒಡೆದು ಸುದ್ದಿಯಾಗಿತ್ತು.

ಮೊದಲ ಸಲಕ್ಕೆ ಅದು ಬೇಡ. ಗಾಜಿಗಿಂತ ದೊಡ್ಡ ತಲೆನೋವು ಬೇರೆ ಇದೆ. ಅದಕ್ಕೆ ದೊಡ್ಡ ಟ್ಯಾಂಕು ಬೇಕು, ದೊಡ್ಡ ಟ್ಯಾಂಕನ್ನು ಬೇಸಿಗೆಯಲ್ಲಿ ತಂಪಾಗಿಡಲು ಚಿಲ್ಲರ್ ಬೇಕು, ಚಿಲ್ಲರ್ ಬೆಲೆ ಮಿಕ್ಕೆಲ್ಲ ಸಾಮಾನು ಸೇರಿದರೂ ಮುಟ್ಟುವುದಿಲ್ಲ. ಜೊತೆಗೆ ಬೆಳಕು ಜಾಸ್ತಿಯಾದರೆ, ನೀರು ಕೆಟ್ಟರೆ ನವಿಲಿಗೆ ಚಿಪ್ಪು ಕೊಳೆಯುವ ರೋಗ ಬರುತ್ತದೆ. ಗೊನೊಡ್ಯಾಕ್ಟಿಲಸ್ ಗುಂಪಿನ ಸಣ್ಣ ಗುದ್ದುವ ಜಾತಿ ಕೇಳಿ. ಐದಾರು ಸೆಂಟಿಮೀಟರ್ ಉದ್ದದ್ದು ಸಾಕು. ಗಡಸು ಪ್ರಾಣಿ, ಹಗಲು ಹೊತ್ತು ಓಡಾಡುತ್ತದೆ, ನಿಮ್ಮ ಗುರುತೂ ಹಿಡಿಯುತ್ತದೆ. ಬೆಂಗಳೂರಿನ ಸಮುದ್ರ ಮೀನಿನ ಅಂಗಡಿಗಳಲ್ಲಿ ಹೇಳಿಟ್ಟರೆ ಯಾವಾಗಲೋ ಒಂದು ಬರುತ್ತದೆ. ಎಷ್ಟೋ ಸಲ ಅವರೇ "ಕಲ್ಲಿನ ಜೊತೆ ಬಂದುಬಿಟ್ಟಿದೆ, ಮೀನು ತಿಂತಿದೆ, ತಗೊಂಡು ಹೋಗಿ" ಅಂತ ಕಡಿಮೆಗೆ ಕೊಡುತ್ತಾರೆ. ಬಿಲ್ಲು ಮಾತ್ರ ಕೇಳಿ ತೆಗೆದುಕೊಳ್ಳಿ.

ಟ್ಯಾಂಕು

ಎರಡು ಅಡಿ ಉದ್ದ, ಒಂದು ಅಡಿ ಅಗಲ, 15 ಇಂಚು ಎತ್ತರ. ಸುಮಾರು 70 ಲೀಟರ್ ಹಿಡಿಯುತ್ತದೆ, ಕಲ್ಲು ಮರಳು ಹೋಗಿ ನೀರು 60 ಲೀಟರ್. ಸಣ್ಣ ಜಾತಿಗೆ ಇದರ ಅರ್ಧ ಸಾಕು ಅಂತ ಹೇಳುವವರಿದ್ದಾರೆ. ಅವರು ನಮ್ಮೂರಿನ ಮೇ ತಿಂಗಳು ನೋಡಿಲ್ಲ. ನೀರು ಕಡಿಮೆಯಿದ್ದಷ್ಟೂ ಬೇಗ ಕಾಯುತ್ತದೆ, ಬೇಗ ಉಪ್ಪೇರುತ್ತದೆ. ಗಾಜು 8 ಮಿಲಿಮೀಟರ್ ಹಾಕಿಸಿ. ತಳಕ್ಕೆ ಒಂದು ಅಕ್ರಿಲಿಕ್ ಹಾಳೆ ಕತ್ತರಿಸಿ ಹಾಸಿಬಿಡಿ, ಗುಂಡಿ ತೋಡುವಾಗ ತಳದ ಗಾಜಿಗೆ ಗುದ್ದುವ ಅಭ್ಯಾಸ ಇದಕ್ಕಿದೆ. ಮೇಲೆ ಜಾಲರಿಯ ಮುಚ್ಚಳ ಬೇಕು. ಪ್ರಾಣಿ ಹೊರಗೆ ಬರಬಾರದು, ಹಲ್ಲಿ ಒಳಗೆ ಬೀಳಬಾರದು.

ಮರಳು ಮೂರು ಇಂಚು. ಹೊಳೆ ಮರಳು ಬೇಡ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅರಗೊನೈಟ್ ಮರಳು ತನ್ನಿ. ಕಲ್ಲಿನ ವಿಷಯದಲ್ಲಿ ಎರಡು ಎಚ್ಚರಿಕೆ. ಹವಳದ ಕಲ್ಲು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹವಳಕ್ಕೆ ಹುಲಿಗಿರುವಷ್ಟೇ ರಕ್ಷಣೆ ಇದೆ, ಸತ್ತ ಹವಳವಾದರೂ ಕೇಸೇ. ಸೆರಾಮಿಕ್ ಕಲ್ಲು ಸಿಗುತ್ತದೆ, ಅದನ್ನು ಹಾಕಿ. ಇನ್ನೊಂದು, ದುರ್ಗದ ಕಡೆ ಹೋದಾಗ ಚೆಂದದ ಕಲ್ಲು ಕಂಡರೆ ಕಾರಿಗೆ ತುಂಬಿಕೊಳ್ಳುವ ಆಸೆ ನನಗೂ ಇದೆ. ಬೇಡ. ಇಂಗಳದಾಳ್‌ನಲ್ಲಿ ತಾಮ್ರದ ಗಣಿ ಇದ್ದದ್ದು ಗೊತ್ತಲ್ಲ, ಆ ಸೀಮೆಯ ಕಲ್ಲಿನಲ್ಲಿ ಏನಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಸೀಗಡಿ, ಏಡಿ, ಇವೆಲ್ಲಕ್ಕೂ ತಾಮ್ರ ವಿಷ. ಮೀನಿನ ಔಷಧಿಗಳಲ್ಲೂ ತಾಮ್ರ ಇರುತ್ತದೆ, ಈ ಟ್ಯಾಂಕಿಗೆ ಅವನ್ನು ಯಾವತ್ತೂ ಹಾಕಬಾರದು.

ಮನೆ: ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಇಂಚಿನ ಪಿವಿಸಿ ಪೈಪು ಗೇಣುದ್ದ ಕತ್ತರಿಸಿಕೊಂಡು, ಬಾಯಿ ಉಜ್ಜಿ ನುಣುಪು ಮಾಡಿ, ಕಲ್ಲಿನ ಕೆಳಗೆ ಓರೆಯಾಗಿ ಹೂತಿಡಿ. ಎರಡೂ ಬಾಯಿ ತೆರೆದಿರಲಿ. ಪ್ರಾಣಿ ಒಳಗೇ ತಿರುಗುವಷ್ಟು ಜಾಗ ಇರಬೇಕು, ಅದಕ್ಕಿಂತ ಅಗಲ ಬೇಡ. ಕಲ್ಲುಗಳನ್ನು ತಳದ ಮೇಲೆ ನೇರವಾಗಿ ಕೂರಿಸಿ ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ ಇವನು ಅಡಿಯಲ್ಲಿ ತೋಡಿ ಕಲ್ಲು ಕುಸಿದು ಇವನ ಮೇಲೇ ಬೀಳುತ್ತದೆ. ಒಂದು ಹಿಡಿ ಸಣ್ಣ ಚೂರುಕಲ್ಲೂ ಹಾಕಿಡಿ. ರಾತ್ರಿ ಮನೆ ಬಾಗಿಲು ಮುಚ್ಚಿಕೊಳ್ಳಲು ಅವನಿಗೆ ಅದು ಬೇಕು.

ಹಿಂದೆ ತೂಗುಹಾಕುವ ಫಿಲ್ಟರ್ ಒಂದು, ನೀರು ಓಡಾಡಿಸುವ ಸಣ್ಣ ಪಂಪು ಒಂದು, ಮಂದ ಎಲ್‌ಇಡಿ ಒಂದು. ಸಾಕು.

ನೀರು

ಇಲ್ಲೇ ಜನ ಸೋಲುವುದು. ನಾನೂ ಸೋತಿದ್ದೆ.

ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಬೋರಿನ ನೀರಂತೂ ಕೇಳಲೇಬೇಡಿ, ನಮ್ಮ ಬಡಾವಣೆಯ ಬೋರಿನಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಲೆಕ್ಕ, ಅಳೆದರೆ 870 ಬಂತು. ಚಿತ್ರದುರ್ಗದ ಕಡೆಯವರಿಗೆ ಫ್ಲೋರೈಡ್ ಕಾಟ ಬೇರೆ. ಆದ್ದರಿಂದ ಆರ್‌ಒ ನೀರೇ ಬೇಕು. ಆದರೆ ಮನೆಯ ಆರ್‌ಒದಲ್ಲಿ ಒಂದು ಮೋಸ ಇದೆ. ಕುಡಿಯುವ ನೀರಿಗೆ ರುಚಿ ಬರಲಿ ಅಂತ ಅದರಲ್ಲಿ ಸ್ವಲ್ಪ ಕಚ್ಚಾ ನೀರನ್ನು ಮತ್ತೆ ಬೆರೆಸುವ ಸಣ್ಣ ತಿರುಪು ಇರುತ್ತದೆ. ಅದನ್ನು ಪೂರ್ತಿ ಮುಚ್ಚಿಸಬೇಕು. ಇನ್ನೂ ಕೆಟ್ಟದ್ದು, ಆರೋಗ್ಯಕ್ಕೆ ಒಳ್ಳೆಯದು ಅಂತ ನೀರಿಗೆ ತಾಮ್ರ ಸೇರಿಸುವ ಫಿಲ್ಟರುಗಳು ಈಗ ಮನೆಮನೆಯಲ್ಲಿವೆ. ನಿಮ್ಮದು ಅಂಥದ್ದಾದರೆ ಆ ನೀರಿನ ಒಂದು ಲೋಟವೂ ಟ್ಯಾಂಕಿಗೆ ಬೇಡ. ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕದ ಕ್ಯಾನ್ ಆಗಬಹುದು, ಆದರೆ ಟಿಡಿಎಸ್ ಮೀಟರ್ ಜೇಬಲ್ಲಿಟ್ಟುಕೊಂಡೇ ಹೋಗಿ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು, ನಾನು 20ರ ಒಳಗೆ ಬಂದರೆ ಮಾತ್ರ ತರುತ್ತೇನೆ. ತಾಮ್ರದ ಹಂಡೆ, ಹಿತ್ತಾಳೆ ಕೊಳಗದಲ್ಲಿ ತುಂಬಿಡಬೇಡಿ. ಪ್ಲಾಸ್ಟಿಕ್ ಬಕೆಟ್ ಒಂದನ್ನು ಇದಕ್ಕೇ ಅಂತ ಮೀಸಲಿಡಿ, ಸೋಪಿನ ಕೈ ಅದಕ್ಕೆ ತಾಗಬಾರದು.

ಉಪ್ಪು ಅಂದರೆ ಅಡಿಗೆ ಉಪ್ಪಲ್ಲ, ಅಕ್ವೇರಿಯಂಗೆ ಅಂತಲೇ ಬರುವ ಸಮುದ್ರದ ಉಪ್ಪಿನ ಮಿಶ್ರಣ. ಲೀಟರಿಗೆ ಹೆಚ್ಚುಕಡಿಮೆ 35 ಗ್ರಾಂ, 60 ಲೀಟರಿಗೆ ಎರಡು ಕಿಲೋ ಚಿಲ್ಲರೆ. ಬೇರೆ ಬಕೆಟ್‌ನಲ್ಲಿ ಕಲಸಿ, ಪಂಪು ಹಾಕಿ ಒಂದು ರಾತ್ರಿ ತಿರುಗಲು ಬಿಟ್ಟು ಮರುದಿನ ಅಳೆಯಿರಿ. ಸಾಂದ್ರತೆ 1.025 ಇರಬೇಕು. ಮುಳ್ಳು ಆಡುವ ಅಗ್ಗದ ಹೈಡ್ರೋಮೀಟರ್ ನಂಬಿ ನಾನು ಎರಡು ತಿಂಗಳು ತಪ್ಪು ನೀರು ಇಟ್ಟಿದ್ದೆ, ಮುಳ್ಳಿಗೆ ಗುಳ್ಳೆ ಅಂಟಿ ಸುಳ್ಳು ಹೇಳುತ್ತಿತ್ತು. ಒಂದು ಹನಿ ನೀರಿನಲ್ಲೇ ಉಪ್ಪಿನ ಅಳತೆ ತೋರಿಸುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಿ.

ಒಂದು ಮಾತು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ: ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನಾ ಕಡಿಮೆಯಾದಷ್ಟಕ್ಕೆ ಸಿಹಿನೀರು, ಅಂದರೆ ಉಪ್ಪು ಬೆರೆಸದ ಅದೇ ಆರ್‌ಒ ನೀರು, ಹಾಕಬೇಕು. ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಆ ಗೆರೆವರೆಗೆ ತುಂಬಿಸುತ್ತಾ ಬಂದರೆ ಆಯಿತು. ಉಪ್ಪು ನೀರು ಹಾಕುವುದು ಹದಿನೈದು ದಿನಕ್ಕೊಮ್ಮೆ ಏಳೆಂಟು ಲೀಟರ್ ಹಳೆ ನೀರು ತೆಗೆದಾಗ ಮಾತ್ರ.

ಕಾಯುವುದು

ನೀರು ಹಾಕಿದ ದಿನವೇ ಪ್ರಾಣಿ ತರುವ ಹಾಗಿಲ್ಲ. ಮೀನು ಮಾರ್ಕೆಟ್‌ನಿಂದ ಒಂದು ಸೀಗಡಿ ತಂದು ಟ್ಯಾಂಕಿನಲ್ಲಿ ಹಾಕಿ ಕೊಳೆಯಲು ಬಿಡಿ. ಅಮೋನಿಯಾ ಏರುತ್ತದೆ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆದು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ಮೊಸರಿಗೆ ಹೆಪ್ಪು ಹಾಕಿದ ಹಾಗೇ, ನಡುವೆ ಅಲ್ಲಾಡಿಸಬಾರದು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ವಾಸನೆ ಬರುತ್ತದೆ, ಮನೆಯವರಿಗೆ ಮೊದಲೇ ಹೇಳಿಬಿಡಿ.

ಶುರು ಮಾಡಲು ಒಳ್ಳೆಯ ಕಾಲ ದೀಪಾವಳಿ ಆದಮೇಲೆ. ಚಳಿಗಾಲದಲ್ಲಿ ನೀರು ಹದಕ್ಕೆ ಬರುತ್ತದೆ, ಸಂಕ್ರಾಂತಿ ಹೊತ್ತಿಗೆ ಪ್ರಾಣಿ ತರಬಹುದು, ಬೇಸಿಗೆ ಬರುವಷ್ಟರಲ್ಲಿ ಅದೂ ಹೊಂದಿಕೊಂಡಿರುತ್ತದೆ, ನೀವೂ ಪಳಗಿರುತ್ತೀರಿ. ಮಾರ್ಚ್‌ನಲ್ಲಿ ಶುರು ಮಾಡಿದವರು ಮೇ ತಿಂಗಳಲ್ಲಿ ಟ್ಯಾಂಕು ಮಾರಲು ಹುಡುಕುತ್ತಿರುತ್ತಾರೆ.

ತರುವ ದಿನ

ಬೆಂಗಳೂರಿನಿಂದ ಇಲ್ಲಿಗೆ 260 ಕಿಲೋಮೀಟರ್. ರಾತ್ರಿ ಬಸ್ಸು ಅಥವಾ ರೈಲು ಹಿಡಿಯಿರಿ, ಥರ್ಮೋಕೋಲ್ ಡಬ್ಬಿ ಇರಲಿ. ಪ್ಲಾಸ್ಟಿಕ್ ಚೀಲವನ್ನು ಗುದ್ದಿ ತೂತು ಮಾಡಬಹುದು, ಅದಕ್ಕೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಸಿ. ಮನೆಗೆ ಬಂದಮೇಲೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಆ ಡಬ್ಬಿಗೆ ಬಿಡಬೇಕು, ಒಂದೂವರೆ ಗಂಟೆಯಾದರೂ. ಇದಕ್ಕೆ ಗ್ಲೂಕೋಸ್ ಹಾಕುವ ಡ್ರಿಪ್ ಸೆಟ್‌ನಷ್ಟು ಒಳ್ಳೆಯ ಸಾಮಾನು ಇಲ್ಲ. ನಮ್ಮೂರಲ್ಲಿ ಮೆಡಿಕಲ್ ಶಾಪಿಗೇನು ಬರವೇ?

ಕೈಯಲ್ಲಿ ಹಿಡಿಯಬೇಡಿ. ಹೆಬ್ಬೆರಳು ಸೀಳುವವನು ಅಂತ ಇಂಗ್ಲಿಷಿನಲ್ಲಿ ಇದಕ್ಕೆ ಅಡ್ಡಹೆಸರೇ ಇದೆ. ಟ್ಯಾಂಕಿನೊಳಗೆ ಏನೇ ಕೆಲಸವಿದ್ದರೂ ಉದ್ದನೆಯ ಇಕ್ಕಳ. ಪೆಟ್ಟು ಬಿದ್ದರೆ ಸೋಪು ಹಾಕಿ ತೊಳೆದು ಡಾಕ್ಟರಿಗೆ ತೋರಿಸಿ, ಸಮುದ್ರದ ನೀರಿನ ಗಾಯ ಅಂತ ಬಾಯಿಬಿಟ್ಟು ಹೇಳಿ. ಆ ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಕ್ಕೆ ಔಷಧಿಯೇ ಬೇರೆ.

ಒಂದು ಟ್ಯಾಂಕಿಗೆ ಒಂದೇ. ಜೋಡಿ ಬೇಡ, ಮೀನೂ ಬೇಡ. "ಒಂಟಿ ಆಗಲ್ವಾ ಪಾಪ" ಅಂತ ನನ್ನ ತಂಗಿ ಕೇಳಿದಳು. ಜೊತೆಗೆ ಹಾಕಿದ ಜೀವವೆಲ್ಲ ಅವನಿಗೆ ಊಟ, ಇಲ್ಲಾ ಶತ್ರು.

ಊಟ

ವಾರಕ್ಕೆ ಮೂರು ಸಲ. ಚಿಪ್ಪಿನ ಸಮೇತ ಇರುವ ಸಮುದ್ರದ ಸೀಗಡಿ ತಂದು ತೊಳೆದು, ಕಡಲೆಬೀಜದಷ್ಟು ತುಂಡು ಮಾಡಿ ಫ್ರೀಜರ್‌ನಲ್ಲಿಡಿ, ಇಕ್ಕಳದಲ್ಲಿ ಹಿಡಿದು ಪೈಪಿನ ಬಾಯಿಗೆ ಕೊಡಿ. ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಯ ಹಾಗೆ ಎಳೆದುಕೊಂಡು ಒಳಗೆ ಹೋಗುತ್ತಾನೆ. ಮರುದಿನ ಬೆಳಿಗ್ಗೆ ಉಳಿದದ್ದನ್ನು ತೆಗೆದುಬಿಡಿ.

ಗುದ್ದುವ ಪ್ರಾಣಿಗೆ ಗುದ್ದುವ ಕೆಲಸವೂ ಬೇಕು. ಅಕ್ವೇರಿಯಂ ಅಂಗಡಿಯಲ್ಲಿ ಗಿಡದ ಟ್ಯಾಂಕಿನಲ್ಲಿ ಬೇಡದೆ ಬೆಳೆದ ಸಣ್ಣ ಬಸವನಹುಳು ಇರುತ್ತವೆ, ಪುಕ್ಕಟೆ ಕೊಡುತ್ತಾರೆ. ವಾರಕ್ಕೊಂದು ಹಾಕಿ. ರಾತ್ರಿ ಹೊತ್ತು ಹಾಲ್‌ನಿಂದ ಟಕ್, ಟಕ್ ಅಂತ ಸದ್ದು ಬರುತ್ತದೆ, ಮೊದಲ ಸಲ ನಾನು ಯಾರೋ ಕಿಟಕಿ ಬಡಿಯುತ್ತಿದ್ದಾರೆ ಅಂತ ಎದ್ದು ಹೋಗಿದ್ದೆ.

ಗದ್ದೆಯ ಏಡಿ, ಗದ್ದೆಯ ಬಸವನಹುಳು ಮಾತ್ರ ಬೇಡ. ಭದ್ರಾ ನಾಲೆಯ ಬಯಲಲ್ಲಿ ಬೇಕಾದಷ್ಟು ಸಿಗುತ್ತವೆ, ನಿಜ. ಆದರೆ ಭತ್ತಕ್ಕೆ ಹೊಡೆದ ಔಷಧಿ ಅವುಗಳ ಮೈಯಲ್ಲಿರುತ್ತದೆ. ಹುಳ ಕೊಲ್ಲುವ ಔಷಧಿ ಸೀಗಡಿ ಜಾತಿಯನ್ನೂ ಕೊಲ್ಲುತ್ತದೆ, ಎರಡೂ ಒಂದೇ ವಂಶದವು. ಇದೇ ಕಾರಣಕ್ಕೆ ಟ್ಯಾಂಕಿರುವ ಕೋಣೆಯಲ್ಲಿ ಸೊಳ್ಳೆ, ಜಿರಳೆಗೆ ಸ್ಪ್ರೇ ಹೊಡೆಯಬಾರದು, ಪ್ಲಗ್ಗಿಗೆ ಹಾಕುವ ಸೊಳ್ಳೆ ಎಣ್ಣೆಯನ್ನೂ ಅಲ್ಲಿ ಹಚ್ಚಬಾರದು. ಕೋಣೆಯ ಗಾಳಿಯೇ ನೀರಿಗೂ ಸೇರುತ್ತದಲ್ಲ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಬಿಸಿಲು, ಕರೆಂಟು

ನೀರು 24ರಿಂದ 27 ಡಿಗ್ರಿ ಇರಬೇಕು. 29 ದಾಟಿತು ಅಂದರೆ ಗಾಬರಿಯಾಗಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ, ಪ್ರಾಣಿಗೆ ಬೇಕಾಗುವುದು ಮಾತ್ರ ಜಾಸ್ತಿ.

ಆದರೆ ಇಲ್ಲಿ ನಮ್ಮೂರಿಗೆ ಒಂದು ಲಾಭ ಇದೆ. ಮಂಗಳೂರಿನಲ್ಲಿ ಸೆಕೆ, ಗಾಳಿಯಲ್ಲೇ ನೀರು ತುಂಬಿರುತ್ತದೆ. ನಮ್ಮದು ಒಣ ಬಿಸಿಲು. ಮಣ್ಣಿನ ಮಡಕೆಯ ನೀರು ತಣ್ಣಗಾಗುವುದು ಹೇಗೆ? ಆವಿಯಾಗಿಯೇ ಅಲ್ವಾ. ಟ್ಯಾಂಕಿನ ಮೇಲೆ ಒಂದು ಸಣ್ಣ ಫ್ಯಾನ್ ಕಟ್ಟಿ ನೀರಿನ ಮೇಲ್ಮೈಗೆ ಗಾಳಿ ಬೀಸಿದರೆ ಒಣಗಾಳಿಗೆ ಮೂರು ಡಿಗ್ರಿಯಾದರೂ ಇಳಿಯುತ್ತದೆ. ಕರಾವಳಿಯಲ್ಲಿ ಇದು ಇಷ್ಟು ಕೆಲಸ ಮಾಡುವುದಿಲ್ಲ. ಬೆಲೆ ಏನೆಂದರೆ ಏಪ್ರಿಲ್‌ನಲ್ಲಿ ನನ್ನ ಟ್ಯಾಂಕಿನಿಂದ ದಿನಕ್ಕೆ ಎರಡು ಲೀಟರ್ ನೀರು ಆರಿಹೋಗುತ್ತದೆ, ಬೆಳಿಗ್ಗೆ ಒಂದು ಸಂಜೆ ಒಂದು ಅಂತ ಗೆರೆವರೆಗೆ ಸಿಹಿನೀರು ತುಂಬಬೇಕು.

ಜಾಗ ಆರಿಸುವುದೂ ಮುಖ್ಯ. ಪಡುವಣ ಗೋಡೆಗೆ ತಾಗಿಸಿ ಇಡಬೇಡಿ, ಸಂಜೆವರೆಗೂ ಕಾಯುತ್ತದೆ. ಮೇಲುಮಹಡಿ ಬೇಡ, ಶೀಟಿನ ಮನೆಯಲ್ಲಂತೂ ಈ ಹವ್ಯಾಸವೇ ಬೇಡ. ಕೆಳಮನೆಯ ನಡುವಿನ ಕೋಣೆ ಒಳ್ಳೆಯದು. ಕೋಣೆಯೇ 34 ಡಿಗ್ರಿ ಆದರೆ ಫ್ಯಾನ್ ಒಂದಕ್ಕೇ ಆಗುವುದಿಲ್ಲ. ಆಗ ಒಂದು ಲೀಟರ್ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರನ್ನು ಮುಚ್ಚಳ ಬಿಗಿದು ತೇಲಿಬಿಡಿ. ಒಂದೇ ಸಲ ಎರಡು ಬಾಟಲಿ ಹಾಕಿ ದಢಕ್ಕನೆ ಇಳಿಸಿದರೆ ಬಿಸಿಲಿಗಿಂತ ಕೆಟ್ಟದು. ಡಿಸೆಂಬರ್ ರಾತ್ರಿಗಳಿಗೆ ಸಣ್ಣ ಹೀಟರ್ ಬೇಕಾಗಬಹುದು. ಅದನ್ನು ಫಿಲ್ಟರ್ ಡಬ್ಬಿಯೊಳಗೆ ಇಡಿ, ಇಲ್ಲವಾದರೆ ಗಾಜಿನ ಹೀಟರನ್ನೂ ಶಂಖ ಅಂತ ತಿಳಿದು ಒಡೆದಾನು.

ಕರೆಂಟ್ ಹೋದರೆ ಮೊದಲು ನಿಲ್ಲುವುದು ಗಾಳಿ. ಬ್ಯಾಟರಿ ಪಂಪು ಒಂದು ಇಟ್ಟುಕೊಳ್ಳಿ, ಕರೆಂಟ್ ಹೋದ ಕೂಡಲೇ ತಾನಾಗೇ ಶುರುವಾಗುವಂಥದ್ದು ಸಿಗುತ್ತದೆ. ಇನ್ವರ್ಟರ್ ಇದ್ದರೆ ಫಿಲ್ಟರ್ ಮತ್ತು ಆ ಸಣ್ಣ ಫ್ಯಾನನ್ನು ಅದಕ್ಕೆ ಹಾಕಿಸಿ, ಎರಡೂ ಸೇರಿ ಒಂದು ಬಲ್ಬಿನಷ್ಟು ಕರೆಂಟೂ ತಿನ್ನುವುದಿಲ್ಲ.

ಪೊರೆ ಬಿಡುವಾಗ

ಒಂದು ದಿನ ಊಟ ಬಿಡುತ್ತಾನೆ. ಪೈಪಿನ ಎರಡೂ ಬಾಯಿಗೆ ಚೂರುಕಲ್ಲು ಪೇರಿಸಿಕೊಂಡು ಒಳಗೆ ಸೇರುತ್ತಾನೆ. ಮೂರು ದಿನ, ಐದು ದಿನ, ಹತ್ತು ದಿನ, ಪತ್ತೆ ಇಲ್ಲ. ಸತ್ತನೋ ಏನೋ ಅಂತ ಕಲ್ಲು ಸರಿಸಿ ನೋಡುವ ಆಸೆ ತಡೆಯಲಾಗುವುದಿಲ್ಲ. ತಡೆಯಲೇಬೇಕು. ಹಾವಿನ ಹಾಗೆ ಇದೂ ಪೊರೆ ಬಿಟ್ಟೇ ಬೆಳೆಯುವುದು. ಪೊರೆ ಬಿಟ್ಟಾಗ ಮೈ, ಗದೆ ಎರಡೂ ಮೆತ್ತಗಿರುತ್ತವೆ, ಗುದ್ದಿದರೆ ಇವನಿಗೇ ಏಟು. ಅದಕ್ಕೇ ಬಾಗಿಲು ಹಾಕಿಕೊಂಡದ್ದು. ಸಣ್ಣ ಜಾತಿಗಳಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಇದು ಇದ್ದದ್ದೇ. ನಿಜವಾಗಿ ಸತ್ತಿದ್ದರೆ ಅಮೋನಿಯಾ ಏರುತ್ತದೆ, ವಾಸನೆ ಬರುತ್ತದೆ, ಟೆಸ್ಟ್ ಕಿಟ್ ಹೇಳುತ್ತದೆ.

ನಮ್ಮ ಮನೆಯಲ್ಲಿ ಮೊದಲ ಸಲ ಪೊರೆ ಹೊರಗೆ ಬಿದ್ದಿದ್ದಾಗ ಅವ್ವ ನನಗೆ ಕೆಲಸದ ಹೊತ್ತಲ್ಲಿ ಫೋನ್ ಮಾಡಿ "ನಿನ್ನ ಹುಳ ಸತ್ತೋತು" ಅಂದಳು. ಕಣ್ಣಿನ ಕಡ್ಡಿ, ಕಾಲು, ಬಾಲ, ಎಲ್ಲ ಇತ್ತು. ನಾನು ಮಿರ್ಚಿ ತಿನ್ನುತ್ತಿದ್ದವನು ಅರ್ಧಕ್ಕೇ ಬಿಟ್ಟು ಓಡಿ ಬಂದೆ. ನೋಡಿದರೆ ಅದು ಖಾಲಿ ಅಂಗಿ. ಒಳಗಿದ್ದವನು ಪೈಪಿನಿಂದ ಇಬ್ಬರನ್ನೂ ನೋಡುತ್ತಿದ್ದ. ಆ ಕಣ್ಣಿನ ಬಗ್ಗೆ ಏನೇನೋ ಕೇಳಿರುತ್ತೀರಿ. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶ ಮೂರು ಬಗೆ, ಇವಕ್ಕೆ 12 ಬಗೆ. ಹಾಗಂತ ನಾವು ಕಾಣದ ಲೋಕವನ್ನೆಲ್ಲ ಕಾಣುತ್ತವೆ ಅಂದುಕೊಳ್ಳಬೇಡಿ. 2014ರಲ್ಲಿ ಬಂದ ಒಂದು ಪ್ರಯೋಗದಲ್ಲಿ, ಹತ್ತಿರ ಹತ್ತಿರದ ಬಣ್ಣಗಳನ್ನು ಬೇರೆ ಮಾಡುವುದರಲ್ಲಿ ಇವು ನಮಗಿಂತ ಹಿಂದೆಯೇ ಅಂತ ಗೊತ್ತಾಯಿತು. ಊಟದ ಇಕ್ಕಳ ಯಾವುದು, ಸ್ವಚ್ಛ ಮಾಡುವ ಬ್ರಷ್ ಯಾವುದು ಅನ್ನುವುದನ್ನು ಮಾತ್ರ ನಮ್ಮವನು ಎಂದೂ ತಪ್ಪಿಲ್ಲ.

ಬಿಟ್ಟ ಪೊರೆಯನ್ನು ತೆಗೆಯಬೇಡಿ, ಅದರಲ್ಲಿರುವ ಸುಣ್ಣಕ್ಕಾಗಿ ಎಷ್ಟೋ ಸಲ ಅವನೇ ತಿನ್ನುತ್ತಾನೆ. ಹೊರಬಂದ ಮೇಲೂ ನಾಲ್ಕೈದು ದಿನ ಚಿಪ್ಪಿರುವ ಊಟ ಕೊಡದೆ ಮೆತ್ತನೆಯ ತುಂಡು ಕೊಡಿ.

ಇನ್ನು ಊರಿಗೆ ಹೋಗುವುದಿದ್ದರೆ: ಹೊಟ್ಟೆ ತುಂಬಿದ ಪ್ರಾಣಿ ಒಂದು ವಾರ ಊಟವಿಲ್ಲದೆ ಆರಾಮಾಗಿರುತ್ತದೆ, ಆ ಚಿಂತೆ ಬೇಡ. ನೀರು ಮಾತ್ರ ನಿಲ್ಲಬಾರದು. ಜಾತ್ರೆಗೆ ಅಂತ ನಾವು ನಾಲ್ಕು ದಿನ ಹೋದಾಗ ಪಕ್ಕದ ಮನೆ ಹುಡುಗನಿಗೆ ಬೀಗ ಕೊಟ್ಟು, ಸಿಹಿನೀರಿನ ಕ್ಯಾನು ಮಾತ್ರ ಹೊರಗಿಟ್ಟು, ಉಪ್ಪುನೀರಿನ ಬಕೆಟ್ಟನ್ನು ಮಂಚದ ಕೆಳಗೆ ತಳ್ಳಿ, "ದಿನಾ ಸಂಜೆ ಗೆರೆವರೆಗೆ ಹಾಕಪ್ಪ, ಬೇರೇನೂ ಮುಟ್ಟಬೇಡ, ಬೆರಳಂತೂ ಹಾಕಲೇಬೇಡ" ಅಂತ ಹೇಳಿ ಹೋಗಿದ್ದೆ. ಬಂದು ನೋಡಿದರೆ ನೀರು ಗೆರೆಗೆ ಸರಿಯಾಗಿತ್ತು. ಹುಡುಗ ಈಗ ತನ್ನ ಅಪ್ಪನ ಹತ್ತಿರ ಒಂದು ಟ್ಯಾಂಕು ಕೇಳುತ್ತಿದ್ದಾನೆ, ಅವರು ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಹೋಗುತ್ತಾರೆ.